ಉತ್ತರದ ನಾಯಕರ ಜಾಲ

ಕೆನಡಾ ದೇಶದ ಒಂಟಾರಿಯೊ ಪ್ರಾಂತವೆಂದೊಡನೆ ಟೊರಾಂಟೊ ನಗರವೂ ನಯಾಗರದ ಜಲಪಾತವೂ ನೆನಪಿಗೆ ಬರುವುದು ಸಹಜವಾಗಿದೆ. ಆದರೆ ಆ ಪ್ರಾಂತದ ಭೂಪಟವನ್ನು ಬಿಚ್ಚಿ ನೋಡಿದವರಿಗೆ ಇವೆರಡೂ ತೆಂಕಣದ ಒಂದು ಮೂಲೆಯಲ್ಲಿ ಅಡಗಿಕೊಂಡಿರುವುದು ಗೊತ್ತಾಗುವುದು. ಮಿಕ್ಕುದರಲ್ಲಿ ಬಹುಭಾಗವು ಬಂಡೆ, ಕೆರೆ, ಕಾಡು, ಜೌಗುನೆಲ. ಸುಪೀರಿಯರ್ ಸರೋವರದ ದಡದಲ್ಲಿರುವ ಥಂಡರ್ ಬೇ ಪಟ್ಟಣದಿಂದ ಬಡಗಣಕ್ಕೆ ಹೊರಟ ರಸ್ತೆಗಳು ಎಲ್ಲಿಯೋ ಕಾಡಿನ ನಡುವೆ ಮುಗಿದುಹೋಗುತ್ತವೆ. ಅಲ್ಲಿಂದ ಮುಂದೆ ಹಡ್ಸನ್ ಕೊಲ್ಲಿಯ ವರೆಗೆ ಹಬ್ಬಿರುವ ವಿಶಾಲ ಪ್ರದೇಶದಲ್ಲಿ ಕೆಲವು ನೂರು ಜನರ, ಅಪರೂಪವಾಗಿ ಎರಡು ಮೂರು ಸಾವಿರ ಜನರ, ಸಣ್ಣ ಸಣ್ಣ ಊರುಗಳು ಒಂದಕ್ಕೊಂದು ಬಹುದೂರದಲ್ಲಿ ನೆಲೆಸಿವೆ. ಚಳಿಗಾಲದಲ್ಲಿ ಕೆರೆ ಹೊಳೆಗಳೆಲ್ಲ ಹೆಪ್ಪುಗಟ್ಟಿದಾಗ ಆ ಹೆಪ್ಪಿನ ಮೇಲೆಯೇ ಲಾರಿಗಳು ಹೋಗುವಂತೆ ದಾರಿಮಾಡುತ್ತಾರೆ. ಎಣ್ಣೆ, ಮರ, ಸಿಮೆಂಟು, ದವಸ ಎಲ್ಲವೂ ಆ ಕೆಲವು ವಾರಗಳಲ್ಲಿಯೇ ಊರು ಸೇರಬೇಕು. ಬಿಸಿಲು ಏರಿದೊಡನೆ ದಾರಿ ನೀರಾಗುವುದು. ವರ್ಷದ ಉಳಿದ ದಿನಗಳಲ್ಲಿ ಹೋಗಿಬರುವುದಕ್ಕೆ ಸಣ್ಣ ವಿಮಾನವೊಂದೇ ಗತಿ.

ಈ ಊರುಗಳಲ್ಲಿರುವವರು ಕ್ರೀ, ಓಜಿಬ್ವೆ, ಓಜಿ-ಕ್ರೀ ಎಂಬ ಜನರು. ಹಿಂದಿನ ಕನ್ನಡ ಪಾಠಪುಸ್ತಕಗಳಲ್ಲಿ ಇಂಥವರನ್ನೆಲ್ಲ ಒಟ್ಟಾಗಿ ‘ಕೆಂಪು ಇಂಡಿಯನ್ನರು’ ಎಂದು ಕರೆಯುವ ವಾಡಿಕೆಯಿದ್ದಿತು. ಕೊಲಂಬಸನ ಭ್ರಾಂತಿಯನ್ನು ಅಷ್ಟು ದೂರ ಹೊತ್ತು ತಂದುದು ಆ ಪುಸ್ತಕಗಳ ತಪ್ಪು. ಅವರು ತಮ್ಮನ್ನು ತಾವು ‘ಪ್ರಥಮ ರಾಷ್ಟ್ರ’ಗಳೆಂದು ಕರೆದುಕೊಳ್ಳುತ್ತಾರೆ, ಕೆನಡಾ ಸರಕಾರವೂ ಈಗ ಹಾಗೆಯೇ ಕರೆಯುತ್ತದೆ.

ಅಂತರ್ಜಾಲವೆಂಬುದು ದೊಡ್ಡ ಪಟ್ಟಣಗಳ ಮನೆಗಳಲ್ಲಿಯೂ ಇನ್ನೂ ಅಪರೂಪವಾಗಿದ್ದ 1994ರಲ್ಲಿ ಈ ಸೀಮೆಯ 6 ಊರುಗಳ ನಾಯಕರು ತಮ್ಮದೇ ಆದ ಒಂದು ಜಾಲಕ್ಕೆ ಅಸ್ತಿಭಾರವನ್ನು ಹಾಕಿದರು. ಡಿಯರ್ ಲೇಕ್, ಫೋರ್ಟ್ ಸೆವರ್ನ್, ಕೀವೇವಿನ್, ಮ್ಯಾಕ್‌ಡೊವೆಲ್ ಲೇಕ್, ನಾರ್ತ್ ಸ್ಪಿರಿಟ್ ಲೇಕ್, ಪಾಪ್ಲರ್ ಹಿಲ್ ಎಂಬುವು ಆ ಊರುಗಳ ಹೆಸರು. ಅವರ ಕೂಟಕ್ಕೆ ಕೀವೇಟಿನೂಕ್ ಓಕಿಮಾಕಾನಕ್ ಎಂದು ಹೆಸರು; ಓಜಿ-ಕ್ರೀ ನುಡಿಯಲ್ಲಿ ಇದಕ್ಕೆ ‘ಉತ್ತರದ ನಾಯಕರು’ ಎಂದರ್ಥ. ಜಾಲಕ್ಕೆ ಕೆ-ನೆಟ್ ಎಂಬ ಹೆಸರು ಬಂದಿತು. ಹೊಸ ಯಂತ್ರವೊಂದು ದೂರದ ಹಳ್ಳಿಗೆ ಹೋಗಿ ಸೇರಿದ ಕಥೆಗಳು ಎಲ್ಲ ದೇಶಗಳಲ್ಲಿಯೂ ಬೇಕಾದಷ್ಟಿವೆ. ಅವುಗಳಲ್ಲಿ ಸಾಮಾನ್ಯವಾಗಿ ಕೊಡುವವರು ರಾಜಧಾನಿಯವರು, ಕೈಯೊಡ್ಡುವವರು ಹಳ್ಳಿಯವರು. ಇಲ್ಲಿ ಹಾಗಾಗಲಿಲ್ಲ. ಯಂತ್ರವನ್ನು ಕರೆಸಿದವರು ಊರಿನವರೇ. ಕರೆಸಿದುದು, ಓದುವುದಕ್ಕೆಂದು ಮನೆ ಬಿಟ್ಟುಹೋದ ತಮ್ಮ ಮಕ್ಕಳೊಡನೆ ಮಾತನಾಡುವುದಕ್ಕಾಗಿ. ಇದರ ಅರ್ಥವು ಪೂರ್ಣವಾಗಿ ಮನಸ್ಸಿಗೆ ಬರಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಿಕೊಂಡು ಬರಬೇಕಾಗುವುದು.

1905 ಮತ್ತು 1906ರಲ್ಲಿ ಸರಕಾರದ ಕಮಿಷನರುಗಳು ದೋಣಿಗಳಲ್ಲಿ ಈ ಸೀಮೆಯನ್ನು ಸುತ್ತಿ, ‘9ನೆಯ ಒಡಂಬಡಿಕೆ’ ಎಂಬ ಪತ್ರಕ್ಕೆ ಜನರ ಒಪ್ಪಿಗೆಯನ್ನು ಬರೆಯಿಸಿಕೊಂಡರು. 1929 ಮತ್ತು 1930ರಲ್ಲಿ ಇದೇ ಒಡಂಬಡಿಕೆಯನ್ನು ಇನ್ನೂ ಬಡಗಣದ ಊರುಗಳಿಗೂ ಹಬ್ಬಿಸಲಾಯಿತು. ಹಡ್ಸನ್ ಕೊಲ್ಲಿಯ ದಡದ ಫೋರ್ಟ್ ಸೆವರ್ನ್ ಸೇರಿದುದು ಆಗಲೇ. ನೆಲವನ್ನು ಬಿಟ್ಟುಕೊಟ್ಟುದಕ್ಕೆ ಪ್ರತಿಯಾಗಿ ತಲೆಯೊಂದಕ್ಕೆ ಒಡನೆಯೇ 8 ಡಾಲರು, ಮುಂದೆ ವರ್ಷಕ್ಕೆ 4 ಡಾಲರು ಎಂದು ನಿರ್ಣಯವಾಯಿತು. ಆ ಪತ್ರದಲ್ಲಿ ಇನ್ನೊಂದು ಮಾತೂ ಇದ್ದಿತು: ಮಕ್ಕಳಿಗೆ ಓದಿಸುವ ಉಪಾಧ್ಯಾಯರ ಸಂಬಳವನ್ನೂ, ಪಾಠಶಾಲೆಯ ಕಟ್ಟಡ ಸಲಕರಣೆಗಳನ್ನೂ ಸರಕಾರವು ತನಗೆ ಉಚಿತವೆಂದು ಕಂಡಂತೆ ಒದಗಿಸತಕ್ಕದ್ದು. ಎಲೆಯ ಮರೆಯ ಮುಳ್ಳಿನಂತೆ ‘ಉಚಿತವೆಂದು ಕಂಡಂತೆ’ ಎಂಬ ಆ ಪದಗಳು ಪತ್ರದಲ್ಲಿ ಅಡಗಿದ್ದುವು.

ಆ ಕಮಿಷನರುಗಳಲ್ಲಿ ಡಂಕನ್ ಕ್ಯಾಂಬೆಲ್ ಸ್ಕಾಟ್ ಎಂಬಾತನೊಬ್ಬನಿದ್ದನು. ಕೆನಡಾ ದೇಶದ ಇಂಗ್ಲಿಷ್ ಸಾಹಿತ್ಯಚರಿತ್ರೆಯಲ್ಲಿ ಒಳ್ಳೆಯ ಕವಿಯೆಂದು ಅವನಿಗೆ ಸ್ಥಾನವುಂಟು. ಬಡಗಣದ ಕಾಡು ಹೊಳೆಗಳನ್ನೂ ಅಲ್ಲಿಯ ಜನರನ್ನೂ ಕುರಿತೇ ಅವನು ಅನೇಕ ಪದ್ಯಗಳನ್ನು ಬರೆದಿದ್ದಾನೆ. ಅದೇ ವ್ಯಕ್ತಿಯು 1913ರಿಂದ 1932ರ ವರೆಗೆ ಮೂಲನಿವಾಸಿಗಳ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದನು. 1920ರಲ್ಲಿ ಅವರ ಮಕ್ಕಳನ್ನು ಶಾಲೆಗೆ ಬಲಾತ್ಕಾರವಾಗಿ ಸೇರಿಸುವ ಕಾಯಿದೆಯ ತಿದ್ದುಪಡಿಯು ಅವನ ಅಧಿಕಾರದಲ್ಲಿಯೇ ಆಯಿತು. ಸಹೃದಯತೆಯೂ ಕಠಿನಹೃದಯವೂ ಒಂದೇ ಎದೆಯಲ್ಲಿ ಹೀಗೆ ಕೂಡಿ ಬಾಳಬಲ್ಲುವೆಂಬುದು ಅಲಂಕಾರಶಾಸ್ತ್ರಜ್ಞರು ಯೋಚಿಸಬೇಕಾದ ವಿಷಯವಾಗಿದೆ.

ಆ ಶಾಲೆಗಳೆಂದರೆ ಸರಕಾರದ ಹಣದಿಂದ ಕ್ರೈಸ್ತ ಸಂಘಗಳು ನಡೆಸುತ್ತಿದ್ದ ವಸತಿಶಾಲೆಗಳು. ಐದಾರು ವರ್ಷದ ಮಗುವನ್ನೂ ತಾಯಿತಂದೆಗಳಿಂದ ಅಗಲಿಸಿ, ಬಹುದೂರದ ಕಟ್ಟಡಗಳಲ್ಲಿ ಇಟ್ಟು, ಮಾತೃಭಾಷೆಯನ್ನಾಡಿದರೆ ಶಿಕ್ಷಿಸಿ, ಕೂದಲನ್ನು ಕತ್ತರಿಸಿ, ಹೆಸರನ್ನು ಬದಲಾಯಿಸಿ ಬೆಳೆಸುವ ಈ ಪದ್ಧತಿಯು ನೂರು ವರ್ಷಕ್ಕೂ ಮೀರಿ ನಡೆಯಿತು. 2015ರಲ್ಲಿ ತನ್ನ ವರದಿಯನ್ನು ಪೂರೈಸಿದ ಸತ್ಯ ಮತ್ತು ಸಮಾಧಾನ ಆಯೋಗದ ಲೆಕ್ಕದಂತೆ ಹೀಗೆ ಹೋದ ಮಕ್ಕಳು 1,50,000ಕ್ಕಿಂತ ಹೆಚ್ಚು. ಸಾವಿರಾರು ಮಕ್ಕಳು ಮನೆಗೆ ಹಿಂದಿರುಗಲಿಲ್ಲ. ಕನ್ನಡನಾಡಿನಲ್ಲಿಯೂ ಹುಡುಗರು ಮನೆ ಬಿಟ್ಟು ಹೋಗಿ ವಾರಾನ್ನದಿಂದ ಓದಿದ ಕಾಲವೊಂದಿದ್ದಿತು. ಆದರೆ ಅಲ್ಲಿ ಅನ್ನವಿಟ್ಟ ಮನೆಯವರ ನುಡಿಯೂ ಹುಡುಗನ ನುಡಿಯೂ ಒಂದೇ ಆಗಿದ್ದಿತು, ಹಬ್ಬಕ್ಕೆ ಊರಿಗೆ ನಡೆದುಹೋಗುವ ದಾರಿಯಿದ್ದಿತು. ಮೇಲೆ ಹೇಳಿದ 6 ಊರುಗಳಲ್ಲೊಂದಾದ ಪಾಪ್ಲರ್ ಹಿಲ್‌ನಲ್ಲಿ ಇಂಥ ವಸತಿಶಾಲೆಯು 1989ರ ವರೆಗೂ ನಡೆಯುತ್ತಿದ್ದಿತು. ಎಂದರೆ, ಕೆ-ನೆಟ್ ಹುಟ್ಟುವುದಕ್ಕೆ 5 ವರ್ಷ ಹಿಂದಿನ ವರೆಗೂ. ಜಾಲವನ್ನು ಕಟ್ಟಲು ಕುಳಿತ ಹಿರಿಯರ ಪೀಳಿಗೆಗೆ ಇದು ಪುರಾಣವಾಗಿರಲಿಲ್ಲ, ಕಂಡುಂಡ ಸಂಗತಿಯಾಗಿದ್ದಿತು.

ಹೀಗೆಂದ ಮಾತ್ರಕ್ಕೆ ಆ ಜನರು ದೂರಸಂಪರ್ಕವನ್ನು ಅರಿಯದವರೆಂದಾಗಲಿ, ಅಕ್ಷರಕ್ಕೆ ಹೊರಗಾದವರೆಂದಾಗಲಿ ತಿಳಿಯಲಾಗದು. ಅವರಿಗೆ ತಮ್ಮದೇ ಲಿಪಿಯುಂಟು. 1840ರಲ್ಲಿ ನಾರ್ವೆ ಹೌಸ್ ಎಂಬಲ್ಲಿ ಜೇಮ್ಸ್ ಇವಾನ್ಸ್ ಎಂಬ ಪಾದ್ರಿಯು ಇದನ್ನು ಅಚ್ಚಿಗಿಳಿಸಿದನು. ಚಹಾ ಪೆಟ್ಟಿಗೆಗಳ ಒಳಹಾಳೆಯ ಸೀಸವನ್ನು ಕರಗಿಸಿ ಮೊಳೆಗಳನ್ನು ಎರಕ ಹೊಯ್ದನೆಂದೂ, ಕಾಡಿಗೆಗೆ ಮೀನೆಣ್ಣೆಯನ್ನು ಬೆರಸಿ ಮಸಿಮಾಡಿದನೆಂದೂ ಹೇಳುತ್ತಾರೆ. ಲಿಪಿಯ ಯುಕ್ತಿ ಬಹು ಸುಂದರವಾದುದು: ವ್ಯಂಜನಕ್ಕೊಂದು ಆಕೃತಿ, ಅದೇ ಆಕೃತಿಯನ್ನು ನಾಲ್ಕು ದಿಕ್ಕಿಗೆ ತಿರುಗಿಸಿದರೆ ನಾಲ್ಕು ಸ್ವರಗಳ ಗುಣಿತ. ಇಂಥ 9 ಆಕೃತಿಗಳನ್ನು ಕಲಿತರೆ ಭಾಷೆಯೆಲ್ಲವನ್ನೂ ಬರೆಯಬಹುದು. ಪಿಟ್‌ಮನ್ನನ ಶೀಘ್ರಲಿಪಿಯಿಂದಲೂ, ಭರತಖಂಡದ ದೇವನಾಗರಿಯಿಂದಲೂ ಇವಾನ್ಸನಿಗೆ ಸೂಚನೆ ದೊರೆಯಿತೆಂಬುದು ಲಿಪಿಶಾಸ್ತ್ರಜ್ಞರ ಅಭಿಪ್ರಾಯ. ಕ್ರೀ ಜನರ ಪರಂಪರೆಯಾದರೋ ಇದನ್ನು ತಮ್ಮ ಹಿರಿಯನೊಬ್ಬನಿಗೆ ಪರಲೋಕದಿಂದ ದೊರೆತ ವರವೆಂದು ಹೇಳುವುದು. ಯಾವುದೇ ಆಗಲಿ, ಶಾಲೆಯ ಹಂಗಿಲ್ಲದೆ, ಬೇಟೆಗಾರನಿಂದ ಬೇಟೆಗಾರನಿಗೆ, ತಾಯಿಯಿಂದ ಮಗಳಿಗೆ ಈ ಲಿಪಿಯು ಹಬ್ಬಿತು. ಮರದ ತೊಗಟೆಯ ಮೇಲೆ ಬರೆದ ಕಾಗದವನ್ನು ದಾರಿಯ ಗುರುತಿನಲ್ಲಿ ಸಿಕ್ಕಿಸಿ ಹೋಗುವುದು ಒಂದು ಬಗೆಯ ಅಂಚೆಯೇ ಅಲ್ಲವೆ?

ದೂರಸಂಪರ್ಕದ ಮಾತಿಗೆ ಬರೋಣ. 1974ರಲ್ಲಿ ಸೂ ಲುಕ್‌ಔಟ್ ಎಂಬ ರೈಲ್ವೆ ಪಟ್ಟಣದಲ್ಲಿ ವಾವಾಟೇ ಎಂಬ ಮೂಲನಿವಾಸಿಗಳ ಸಂಘವು ಸ್ಥಾಪಿತವಾಯಿತು. ಬಡಗಣ ಬಾನಿನಲ್ಲಿ ಚಳಿಗಾಲದ ರಾತ್ರಿ ಆಡುವ ಬಣ್ಣದ ಬೆಳಕಿಗೆ ಅವರಲ್ಲಿ ವಾವಾಟೇ ಎಂದು ಹೆಸರು. ಈ ಸಂಘವು ಸ್ವಭಾಷೆಯಲ್ಲಿ ಪತ್ರಿಕೆಯನ್ನು ಹೊರಡಿಸಿತು, ಬಾನುಲಿಯನ್ನು ನಡೆಸಿತು. ಇವೆರಡಕ್ಕಿಂತಲೂ ಉಪಯುಕ್ತವಾಗಿ, ಕಾಡಿನಲ್ಲಿ ತುಪ್ಪಳದ ಪ್ರಾಣಿಗಳನ್ನು ಹಿಡಿಯಲು ತಿಂಗಳುಗಟ್ಟಲೆ ಬಿಡಾರ ಹೂಡುವ ಕುಟುಂಬಗಳಿಗೆ ಸಣ್ಣ ರೇಡಿಯೊ ಯಂತ್ರಗಳನ್ನು ಒದಗಿಸಿತು. ಕೇಳುವುದಕ್ಕೆ ಮಾತ್ರವಲ್ಲದೆ ಮಾತನಾಡುವುದಕ್ಕೂ ಅನುವಾದ ಯಂತ್ರ ಅದು. ಡೇರೆಯಲ್ಲಿ ಮಗುವಿಗೆ ಜ್ವರ ಬಂದರೆ ಊರಿಗೆ ತಿಳಿಯುವುದು. ಒಬ್ಬರಾಡಿದುದನ್ನು ಕಾಡಿನಲ್ಲಿದ್ದವರೆಲ್ಲರೂ ಕೇಳಬಹುದಾಗಿದ್ದುದರಿಂದ ಗುಟ್ಟಿನ ಮಾತಿಗೆ ಮಾತ್ರ ಅದು ಆಗುತ್ತಿರಲಿಲ್ಲ.

ಅದೇ ಕಾಲದಲ್ಲಿ ಸರಕಾರದ ದೃಷ್ಟಿ ಆಕಾಶದ ಕಡೆಗೆ ತಿರುಗಿದ್ದಿತು. 1972ರ ನವೆಂಬರಿನಲ್ಲಿ ಅನಿಕ್ ಎಂಬ ಉಪಗ್ರಹವು ಮೇಲಕ್ಕೇರಿತು. ಭೂಮಿಯೊಡನೆ ಸಮವಾಗಿ ಸುತ್ತುತ್ತ ಒಂದೇ ಕಡೆ ನಿಂತಂತೆ ತೋರುವ ಉಪಗ್ರಹವನ್ನು ತನ್ನ ದೇಶದೊಳಗಣ ಸಂಪರ್ಕಕ್ಕೆಂದೇ ಇಟ್ಟ ಮೊದಲ ದೇಶ ಕೆನಡಾ. ಉಪಗ್ರಹಕ್ಕೆ ಇನುಯಿಟ್ ಜನರ ಭಾಷೆಯಿಂದ ಹೆಸರನ್ನು ಆರಿಸಲಾಯಿತು. ಅನಿಕ್ ಎಂದರೆ ತಮ್ಮ. ಹೆಸರೇನೋ ಅವರದು; ಆ ತಮ್ಮನು ಹೊತ್ತು ತಂದ ಮಾತುಗಳೋ ಬಹುಮಟ್ಟಿಗೆ ಇಂಗ್ಲಿಷು. ತೆಂಕಣ ಪಟ್ಟಣಗಳ ದೂರದರ್ಶನವು ಒಮ್ಮೆಗೇ ಹಿಮದ ನಾಡಿನ ಮನೆಗಳೊಳಕ್ಕೆ ಸುರಿಯತೊಡಗಿತು.

ಆರ್ಕ್‌ಟಿಕ್ ಸಮುದ್ರದ ದ್ವೀಪವೊಂದರಲ್ಲಿರುವ ಇಗ್ಲೂಲಿಕ್ ಎಂಬ ಇನುಯಿಟ್ ಊರಿನವರು ಆಗ ಮಾಡಿದ ಕೆಲಸವು ಚರಿತ್ರೆಯಲ್ಲಿ ನಿಲ್ಲತಕ್ಕದ್ದು. ದೂರದರ್ಶನವು ಬೇಕೇ ಬೇಡವೇ ಎಂದು 1975ರಲ್ಲಿ ಊರವರ ಮತವನ್ನು ಕೇಳಲಾಯಿತು, ಬೇಡವೆಂದರು. 1979ರಲ್ಲಿ ಮತ್ತೆ ಕೇಳಲಾಯಿತು, ಮತ್ತೆಯೂ ಬೇಡವೆಂದರು. ಅವರೇನು ಯಂತ್ರವಿದ್ವೇಷಿಗಳಲ್ಲ, ಹಿಮಬಂಡಿಯನ್ನೂ ಬಂದೂಕನ್ನೂ ಯಾವ ಆಕ್ಷೇಪಣೆಯೂ ಇಲ್ಲದೆ ಬಳಸುತ್ತಿದ್ದವರು. ತಮ್ಮ ನುಡಿಯಿಲ್ಲದ ಯಂತ್ರವು ಮಕ್ಕಳ ನುಡಿಯನ್ನು ಕಸಿಯುವುದೆಂಬುದೊಂದೇ ಅವರ ಭಯ. 1981ರಲ್ಲಿ ಇನುಯಿಟ್ ಜನರದೇ ಆದ ಪ್ರಸಾರಸಂಸ್ಥೆಯು ಏರ್ಪಟ್ಟು, 1982ರ ಆರಂಭದಿಂದ ಅವರ ಭಾಷೆಯ ಕಾರ್ಯಕ್ರಮಗಳು ಬರತೊಡಗಿದ ಮೇಲೆ, 1983ರಲ್ಲಿ ಇಗ್ಲೂಲಿಕ್ ಒಪ್ಪಿತು. ಅದೇ ಊರಿನ ಕಲಾವಿದರು ಮುಂದೆ 2001ರಲ್ಲಿ ‘ಅಟನಾರ್‌ಜುವಾಟ್’ ಎಂಬ ಚಲಚ್ಚಿತ್ರವನ್ನು ಪೂರ್ಣವಾಗಿ ಇನುಕ್ಟಿಟುಟ್ ಭಾಷೆಯಲ್ಲಿಯೇ ತಯಾರಿಸಿ ಲೋಕವಿಖ್ಯಾತರಾದರು. 8 ವರ್ಷ ಕಾದುದರಿಂದ ಅವರಿಗೆ ನಷ್ಟವೇನೂ ಆದಂತೆ ಕಾಣುವುದಿಲ್ಲ.

ಪುನಃ ಒಂಟಾರಿಯೊದ 6 ಊರುಗಳಿಗೆ ಹಿಂದಿರುಗಬಹುದು. ವಸತಿಶಾಲೆಗಳ ಕಾಲ ಮುಗಿದರೂ ಮಕ್ಕಳು ಮನೆ ಬಿಡುವುದು ನಿಲ್ಲಲಿಲ್ಲ. ಊರುಗಳಲ್ಲಿ 8ನೆಯ ತರಗತಿಯ ವರೆಗೆ ಮಾತ್ರ ಪಾಠವಿದ್ದಿತು. 13-14 ವರ್ಷದ ಹುಡುಗ ಹುಡುಗಿಯರು ಶರತ್ಕಾಲದ ಆರಂಭದಲ್ಲಿ ವಿಮಾನ ಹತ್ತಿ ಸೂ ಲುಕ್‌ಔಟಿಗೋ ಥಂಡರ್ ಬೇಗೋ ಹೋಗಿ, ಅಪರಿಚಿತರ ಮನೆಗಳಲ್ಲಿ ಊಟವಸತಿಗೆ ನಿಂತು ಪ್ರೌಢಶಾಲೆಯಲ್ಲಿ ಓದಬೇಕಾಗಿದ್ದಿತು. ಕೆಲವು ಊರುಗಳಲ್ಲಿ ಊರಿಗೆಲ್ಲ ಒಂದೆರಡು ಸಾರ್ವಜನಿಕ ದೂರವಾಣಿಗಳಿದ್ದುವೇ ಹೊರತು ಮನೆಗಳಲ್ಲಿರಲಿಲ್ಲ. ಮಗುವಿನ ಧ್ವನಿಯನ್ನು ಕೇಳಲು ತಾಯಿಯಾದವಳು ಆ ಚಳಿಯಲ್ಲಿ ಸರತಿ ನಿಲ್ಲಬೇಕು. ದೊರೆತ ಕ್ಷಣಗಳಿಗೆ ದೂರದ ದರವನ್ನು ತೆರಬೇಕು. ಬಹುಮಂದಿ ಮಕ್ಕಳು ಓದನ್ನು ಅರ್ಧದಲ್ಲಿಯೇ ಬಿಟ್ಟು ಹಿಂದಿರುಗುತ್ತಿದ್ದರು. ಇಂಥ ಸ್ಥಿತಿಯಲ್ಲಿ 1994ರಲ್ಲಿ ನಾಯಕರು ಆರಂಭಿಸಿದುದು ‘ಬುಲೆಟಿನ್ ಬೋರ್ಡ್’ ಎಂಬ ಅತಿ ಸರಳವಾದ ಏರ್ಪಾಡು. ಗಣಕಯಂತ್ರವೊಂದನ್ನು ದೂರವಾಣಿಯ ತಂತಿಗೆ ಜೋಡಿಸಿ, ಬರೆದ ಮಾತುಗಳನ್ನು ಒಂದೆಡೆ ಅಂಟಿಸಿಟ್ಟರೆ ಇನ್ನೊಂದು ಊರಿನವರು ಬಂದು ಓದಿಕೊಳ್ಳುವುದು. ಚಿತ್ರವಿಲ್ಲ, ಧ್ವನಿಯಿಲ್ಲ, ಬರಿಯ ಅಕ್ಷರ. ಪಟ್ಟಣದಲ್ಲಿದ್ದ ಮಗುವಿಗೂ ಊರಿನಲ್ಲಿದ್ದ ಮನೆಯವರಿಗೂ ಅಷ್ಟೇ ಸಾಕಾಗಿದ್ದಿತು.

ಮುಂದಿನ ಬೆಳವಣಿಗೆಯನ್ನು ವಿಸ್ತಾರವಾಗಿ ಹೇಳುವ ಅವಶ್ಯವಿಲ್ಲ. 2000ದ ಸುಮಾರಿಗೆ ಸರಕಾರವು ದೇಶದಲ್ಲೆಲ್ಲ ಕೆಲವು ಮಾದರಿ ಜಾಲಗಳಿಗೆ ಧನಸಹಾಯ ಮಾಡಲು ಹೊರಟಾಗ ಮೂಲನಿವಾಸಿಗಳ ಪೈಕಿ ಕೆ-ನೆಟ್ ಆಯ್ಕೆಯಾಯಿತು. ನಾಯಕರು ಆ ಯೋಜನೆಗೆ ‘ಕು-ಕೆ-ನಾ’ ಎಂಬ ಹೆಸರನ್ನು ಇಟ್ಟರು. ‘ಎಲ್ಲರೂ’ ಎಂದು ಅದರ ಅರ್ಥ. ಗಮನಿಸಬೇಕಾದುದು ಹಣವನ್ನಲ್ಲ, ಏರ್ಪಾಡಿನ ಕ್ರಮವನ್ನು. ದೊಡ್ಡ ಕಂಪನಿಗಳು ಈ ಊರುಗಳ ಕಡೆಗೆ ತಿರುಗಿಯೂ ನೋಡುತ್ತಿರಲಿಲ್ಲ. ನೂರು ಮನೆಗಳಿಗಾಗಿ ನೂರಾರು ಮೈಲಿ ತಂತಿಯೆಳೆದರೆ ಬಡ್ಡಿಯೂ ಹುಟ್ಟದೆಂದು ಅವರ ಲೆಕ್ಕ. ಊರಿನವರ ಲೆಕ್ಕ ಬೇರೆ ತರದ್ದಾಗಿದ್ದಿತು. ಶಾಲೆ, ಚಿಕಿತ್ಸಾಲಯ, ಪಂಚಾಯಿತಿಯ ಕಚೇರಿ, ಪೊಲೀಸು ಠಾಣೆ, ಮನೆಗಳು ಇವೆಲ್ಲ ಬೇರೆ ಬೇರೆಯಾಗಿ ಕೊಂಡರೆ ಯಾರಿಗೂ ಎಟುಕದ ಸಂಪರ್ಕವನ್ನು ಎಲ್ಲರೂ ಕೂಡಿ ಒಂದಾಗಿ ಕೊಂಡರೆ ಎಲ್ಲರಿಗೂ ಎಟುಕುವುದು. ಹೊರಗಿನಿಂದ ಊರಿನ ಬಾಗಿಲ ವರೆಗೆ ಬರುವ ಮಾರ್ಗವು ಎಲ್ಲ ಊರುಗಳಿಗೂ ಸಾಮಾನ್ಯ. ಊರೊಳಗಿನ ತಂತಿಯೂ ಗೋಪುರವೂ ಊರಿನ ಸ್ವತ್ತು. ಅದನ್ನು ರಿಪೇರಿ ಮಾಡುವವನು ಊರಿನ ಹುಡುಗ. ಅವನು ಕೊಡುವ ಬಿಲ್ಲಿನ ಹಣವು ಊರಿನಲ್ಲಿಯೇ ಉಳಿಯುವುದು. ಕೆರೆಯ ನೀರನ್ನು ಊರವರೇ ಹಂಚಿಕೊಂಡು ತೂಬನ್ನು ಕಾಯುತ್ತಿದ್ದ ಹಳೆಯ ಕ್ರಮವನ್ನು ಬಲ್ಲವರಿಗೆ ಇದು ಹೊಸದೆಂದು ತೋರಲಾರದು.

ಈ ತಂತಿಯ ಮೇಲೆ ಕಟ್ಟಿದ ಕಟ್ಟಡಗಳಲ್ಲಿ ಮುಖ್ಯವಾದುದು 2000ದಲ್ಲಿ ಪ್ರಾರಂಭವಾದ ಕೀವೇಟಿನೂಕ್ ಅಂತರ್ಜಾಲ ಪ್ರೌಢಶಾಲೆ. ಹೆಸರನ್ನು ಕೇಳಿ, ಮಕ್ಕಳನ್ನು ಯಂತ್ರದ ಮುಂದೆ ಒಂಟಿಯಾಗಿ ಕೂಡಿಸಿ ಉಪಾಧ್ಯಾಯನನ್ನು ಮನೆಗೆ ಕಳುಹಿಸಿದರೆಂದು ತಿಳಿಯಬಾರದು. ಅಲ್ಲಿಯ ಕ್ರಮವೇನೆಂದರೆ, ಒಂದೊಂದು ಊರಿನಲ್ಲಿಯೂ ಒಂದು ಕೊಠಡಿ. ಆ ಕೊಠಡಿಯಲ್ಲಿ ನಿಜವಾದ ಒಬ್ಬ ಉಪಾಧ್ಯಾಯ. ಅವನು ತನಗೆ ಪರಿಚಿತವಾದ ಒಂದು ವಿಷಯವನ್ನು, ಗಣಿತವನ್ನೋ ಚರಿತ್ರೆಯನ್ನೋ, ಜಾಲದ ಮೂಲಕ ಎಲ್ಲ ಊರುಗಳ ಮಕ್ಕಳಿಗೂ ಹೇಳಿಕೊಡುತ್ತಾನೆ. ಮಿಕ್ಕ ವಿಷಯಗಳನ್ನು ಬೇರೆ ಊರುಗಳ ಉಪಾಧ್ಯಾಯರು ಹೇಳಿಕೊಡುವಾಗ ಇವನು ತನ್ನ ಎದುರಿನ ಮಕ್ಕಳ ಪಕ್ಕದಲ್ಲಿ ಕುಳಿತು ಬಿಡಿಸಿಹೇಳುತ್ತಾನೆ, ಗದರಿಸುತ್ತಾನೆ, ಹುರಿದುಂಬಿಸುತ್ತಾನೆ. ಹತ್ತು ಹನ್ನೆರಡು ಮಕ್ಕಳಿಗಾಗಿ ಆರೇಳು ವಿಷಯಗಳ ಉಪಾಧ್ಯಾಯರನ್ನು ನೇಮಿಸಲಾರದ ಊರು, ಹತ್ತು ಊರುಗಳೊಡನೆ ಕೂಡಿ ಪೂರ್ತಿ ಶಾಲೆಯಾಯಿತು. ಬೋಧನೆಯ ಕಸಬನ್ನು ಬಲ್ಲವರು ಈ ಉಪಾಯವನ್ನು ಮೆಚ್ಚದಿರಲಾರರು. ಪಾಠ ಮುಗಿದ ಮೇಲೆ ಹುಡುಗನು ತನ್ನ ಮನೆಗೆ ನಡೆದುಹೋಗುತ್ತಾನೆ. ಅಜ್ಜಿಯ ಮಾತನ್ನು ಅಜ್ಜಿಯ ನುಡಿಯಲ್ಲಿಯೇ ಕೇಳುತ್ತಾನೆ. ಹೆಬ್ಬಾತುಗಳು ಹಿಂದಿರುಗುವ ವಸಂತದಲ್ಲಿ ತಂದೆಯೊಡನೆ ಬೇಟೆಗೆ ಹೋಗುತ್ತಾನೆ.

ಇದು ಸೌಕರ್ಯದ ಮಾತು ಮಾತ್ರವಾಗಿದ್ದರೆ ಇಷ್ಟು ವಿಸ್ತರಿಸಬೇಕಾಗಿರಲಿಲ್ಲ. 2000ದಿಂದ 2011ರ ವರೆಗೆ, ಬಡಗಣ ಊರುಗಳಿಂದ ಓದಲು ಥಂಡರ್ ಬೇಗೆ ಬಂದಿದ್ದ 7 ಮಂದಿ ಹದಿಹರೆಯದವರು ಆ ಪಟ್ಟಣದಲ್ಲಿ ಪ್ರಾಣಬಿಟ್ಟರು. ಅವರಲ್ಲಿ ಐವರ ದೇಹಗಳು ನೀರಿನಲ್ಲಿ ದೊರೆತುವು. 2015ರಲ್ಲಿ ಪ್ರಾರಂಭವಾದ ಬಹಿರಂಗ ವಿಚಾರಣೆಯು 2016ರ ಜೂನಿನಲ್ಲಿ ಮುಗಿದು, ಪಂಚರು 145 ಸಲಹೆಗಳನ್ನು ಕೊಟ್ಟರು. ಮಕ್ಕಳು ತಮ್ಮ ಊರಿನಲ್ಲಿಯೇ ಓದುವಂತಾಗಬೇಕೆಂಬುದು ಆ ವಿಚಾರಣೆಯ ಉದ್ದಕ್ಕೂ ಕೇಳಿಬಂದ ಬೇಡಿಕೆ. ಒಡಂಬಡಿಕೆಯ ಪತ್ರದಲ್ಲಿ 1905ರಲ್ಲಿ ಬರೆದಿದ್ದುದೂ ಅದೇ ಅಲ್ಲವೆ? ಅಂತರ್ಜಾಲದ ಶಾಲೆಯು ಎಲ್ಲ ಮಕ್ಕಳನ್ನೂ ಊರಿನಲ್ಲಿ ಉಳಿಸಿತೆಂದು ಹೇಳಲಾಗದು. ಎಷ್ಟೋ ಮಂದಿ ಈಗಲೂ ಪಟ್ಟಣಕ್ಕೆ ಹೋಗುತ್ತಾರೆ. ಆಟದ ಬಯಲು, ಪ್ರಯೋಗಶಾಲೆ, ಸಂಗೀತ ಇವು ಸಣ್ಣ ಕೊಠಡಿಯಲ್ಲಿ ಸಿಕ್ಕುವುದಿಲ್ಲ. ಆದರೆ ಹೋಗದೆ ಇರುವುದಕ್ಕೂ ಈಗ ಒಂದು ಮಾರ್ಗವುಂಟಾಯಿತು. ಹಿಂದೆ ಅದಿರಲಿಲ್ಲ.

ವೈದ್ಯದ ವಿಷಯವೂ ಹೀಗೆಯೇ. ಈ ಊರುಗಳಲ್ಲಿ ದಾದಿಯರಿರುವ ಚಿಕಿತ್ಸಾಲಯಗಳಿವೆ. ವೈದ್ಯನು ಆಗಾಗ ವಿಮಾನದಲ್ಲಿ ಬಂದುಹೋಗುವನು. ಕೆ-ನೆಟ್‌ನ ಮೇಲೆ ಬೆಳೆದ ದೂರವೈದ್ಯದ ಏರ್ಪಾಡಿನಿಂದ ಪಟ್ಟಣದ ತಜ್ಞನು ಊರಿನ ರೋಗಿಯ ಮುಖವನ್ನೂ ಗಂಟಲನ್ನೂ ಚರ್ಮವನ್ನೂ ಕಾಣುವಂತಾಯಿತು, ಎದೆಬಡಿತವನ್ನು ಕೇಳುವಂತಾಯಿತು. 20ಕ್ಕೂ ಹೆಚ್ಚು ಊರುಗಳಿಗೆ ಇದು ಹಬ್ಬಿತು. ಇಂಗ್ಲಿಷು ತಿಳಿಯದ ಮುದುಕಿಗೆ ಪಕ್ಕದಲ್ಲಿ ಊರಿನವರೇ ಒಬ್ಬರು ದುಭಾಷಿಯಾಗಿ ಕುಳಿತಿರುವುದು ಹತ್ತು ನಿಮಿಷದ ಪರೀಕ್ಷೆಗಾಗಿ ಅವಳನ್ನು ಒಂಟಿಯಾಗಿ ವಿಮಾನ ಹತ್ತಿಸುವುದಕ್ಕಿಂತ ಎಷ್ಟೋ ಮೇಲು.

ಯುವಕರು ಜಾಲವನ್ನು ತಮಗೆ ಬೇಕಾದಂತೆ ಬಳಸಿಕೊಂಡರು. ಯಾರು ಕೇಳಿದರೂ ಒಂದು ಸ್ವಂತ ಪುಟವನ್ನು ಕೆ-ನೆಟ್ ಉಚಿತವಾಗಿ ಕೊಡುತ್ತಿದ್ದಿತು. ಸಾವಿರಾರು ಮಂದಿ ಅಂಥ ಪುಟಗಳನ್ನು ತೆರೆದು, ಹುಟ್ಟಿದ ಮಗುವಿನ ಚಿತ್ರ, ಹಿಮದ ಮೇಲಣ ಹಾಕಿ ಪಂದ್ಯ, ಸತ್ತವರ ಸ್ಮರಣೆ, ಪ್ರಿಯಕರನಿಗೆ ಒಂದು ಸಾಲು ಎಲ್ಲವನ್ನೂ ಬರೆದರು. ಪಂಡಿತರಿಗೆ ಇದು ಬಾಲಿಶವೆಂದು ತೋರಿದ್ದರೂ ತೋರಿರಬಹುದು. ಆದರೆ ತಮ್ಮನ್ನು ಕುರಿತು ಇತರರು ಬರೆದುದನ್ನೇ ನೂರು ವರ್ಷ ಓದಿದ ಜನರು ತಾವಾಗಿ ಬರೆಯತೊಡಗಿದ್ದರು. ಲಿಪಿಗೂ ಆಗಲೇ ಸ್ಥಾನ ದೊರೆಯಿತು. ಲೋಕದ ಲಿಪಿಗಳಿಗೆಲ್ಲ ಗಣಕದಲ್ಲಿ ಸಂಖ್ಯೆ ನಿಗದಿಮಾಡುವ ಯೂನಿಕೋಡ್ ಎಂಬ ಪಟ್ಟಿಯಲ್ಲಿ ಕನ್ನಡವು 1991ರ ಮೊದಲನೆಯ ಆವೃತ್ತಿಯಲ್ಲಿಯೇ ಸೇರಿದ್ದಿತು. ಕ್ರೀ ಮತ್ತು ಇನುಯಿಟ್ ಜನರ ತಿರುಗುವ ಅಕ್ಷರಗಳು ಸೇರಿದುದು 1999ರ ಮೂರನೆಯ ಆವೃತ್ತಿಯಲ್ಲಿ. ಕನ್ನಡದ ಅಕ್ಷರಗಳು ಗಣಕದಲ್ಲಿ ಚೌಕಗಳಾಗಿ ಕಾಣುತ್ತಿದ್ದ ದಿನಗಳನ್ನು ನೆನಪಿನಲ್ಲಿಟ್ಟವರಿಗೆ ಈ ಮಾತಿನ ತೂಕ ತಿಳಿಯುವುದು.

ಆಕಾಶಮಾರ್ಗದ ಕಷ್ಟಗಳನ್ನೂ ಹೇಳದೆ ಬಿಡಲಾಗದು. ಅನಿಕ್ ಜಾತಿಯ ಉಪಗ್ರಹವು ಭೂಮಿಯಿಂದ ಸುಮಾರು 36,000 ಕಿಲೊಮೀಟರು ಮೇಲೆ, ಸಮಭಾಜಕವೃತ್ತದ ನೆತ್ತಿಯಲ್ಲಿರುತ್ತದೆ. ಆಡಿದ ಮಾತು ಅಲ್ಲಿಗೆ ಹೋಗಿ ಕೆಳಗಿಳಿಯುವುದರೊಳಗೆ ಕಾಲು ಸೆಕೆಂಡು ಕಳೆಯುವುದು; ಉತ್ತರವು ಬರಲು ಇನ್ನೂ ಅಷ್ಟು. ಬಡಗಣಕ್ಕೆ ಹೋದಷ್ಟೂ ಉಪಗ್ರಹವು ದಿಗಂತಕ್ಕೆ ಇಳಿದಂತೆ ಕಾಣುವುದರಿಂದ ತಟ್ಟೆಯನ್ನು ಆಕಾಶಕ್ಕಲ್ಲ, ಕಾಡಿನ ತುದಿಗೆ ಗುರಿಯಿಟ್ಟಂತೆ ನಿಲ್ಲಿಸಬೇಕು. ಕೆ-ನೆಟ್ ಹುಟ್ಟಿದ ವರ್ಷವೇ, 1994ರ ಜನವರಿ 20ರಂದು, ಸೂರ್ಯನಿಂದೆದ್ದ ಕಣಗಳ ಬಿರುಗಾಳಿಗೆ ಸಿಕ್ಕಿ ಎರಡು ಅನಿಕ್ ಉಪಗ್ರಹಗಳು ಒಂದರ ಹಿಂದೊಂದು ದಿಕ್ಕುತಪ್ಪಿದುವು. ಒಂದು ಕೆಲವು ಗಂಟೆಗಳಲ್ಲಿ ಸರಿಹೋಯಿತು. ಇನ್ನೊಂದಕ್ಕೆ ಹಲವು ತಿಂಗಳು ಹಿಡಿಯಿತು. 2011ರ ಅಕ್ಟೋಬರ್ 6ರಂದು ಅನಿಕ್ ಎಫ್2 ಎಂಬುದು ಭೂಮಿಗೆ ಬೆನ್ನು ತಿರುಗಿಸಿದಾಗ ಬಡಗಣದ ಊರುಗಳಲ್ಲಿ ದೂರದ ಕರೆಗಳು ನಿಂತುವು, ಬ್ಯಾಂಕಿನ ಯಂತ್ರಗಳು ನಿಂತುವು, ನೂನವುಟ್ ಪ್ರದೇಶದಲ್ಲಿ ವಿಮಾನಗಳೂ ನೆಲದಲ್ಲಿಯೇ ಉಳಿದುವು. ತಮ್ಮನೊಬ್ಬನನ್ನೇ ನಂಬಿದ ಮನೆಯ ಪಾಡು ಅದು.

ಇಂಥ ಉಪಗ್ರಹದ ಪಾಲನ್ನು ಕೊಳ್ಳುವುದರಲ್ಲಿಯೂ ಊರುಗಳು ಕೂಡಿಕೊಂಡುವು. ಕೆ-ನೆಟ್, ಮ್ಯಾನಿಟೋಬ ಪ್ರಾಂತದ ಕೀವಾಟಿನ್ ಬುಡಕಟ್ಟುಗಳ ಸಭೆ, ಕ್ವಿಬೆಕ್ ಪ್ರಾಂತದ ಬಡಗಣದಲ್ಲಿ 14 ಇನುಯಿಟ್ ಊರುಗಳನ್ನುಳ್ಳ ಕಟಿವಿಕ್ ಪ್ರಾದೇಶಿಕ ಸರಕಾರ, ಈ ಮೂರೂ ಸೇರಿ ಒಂದು ಸಾಮಾನ್ಯ ಉಪಗ್ರಹಜಾಲವನ್ನು ನಡೆಸಿದುವು. ಮೂರು ಪ್ರಾಂತ, ಬೇರೆ ಬೇರೆ ಭಾಷೆ. ಆದರೂ ಒಂದೆಡೆ ವೈದ್ಯನು ರೋಗಿಯನ್ನು ನೋಡುತ್ತಿರುವಾಗ ಇನ್ನೊಂದೆಡೆಯ ಆಟಪಾಟಗಳು ಸ್ವಲ್ಪ ಹಿಂದೆ ಸರಿದು ದಾರಿಬಿಡುವಂತೆ ಒಳಗಣ ಹಂಚಿಕೆ. ತೆಂಕಣದ ಯಾವ ಕಂಪನಿಯೂ ಇಂಥ ಹಂಚಿಕೆಯನ್ನು ಒಪ್ಪುತ್ತಿದ್ದಿತೆಂದು ಹೇಳುವುದು ಕಷ್ಟ.

2010ರಲ್ಲಿ ಒಪ್ಪಂದವಾಗಿ ಮುಂದಿನ ವರ್ಷಗಳಲ್ಲಿ ಒಂಟಾರಿಯೊದ ವಾಯವ್ಯದ 26 ಊರುಗಳಿಗೆ ಗಾಜಿನ ನಾರಿನ ತಂತಿ ಎಳೆಯಲ್ಪಟ್ಟಿತು. ಹಡ್ಸನ್ ಕೊಲ್ಲಿಯ ಫೋರ್ಟ್ ಸೆವರ್ನ್‌ಗೆ ಅದು ತಲುಪಲಿಲ್ಲ. ಅವರಿಗೆ ಉಪಗ್ರಹವೇ ಉಳಿಯಿತು. 2016ರ ಡಿಸೆಂಬರಿನಲ್ಲಿ ಕೆನಡಾದ ದೂರಸಂಪರ್ಕ ಆಯೋಗವು ಅಂತರ್ಜಾಲವು ಎಲ್ಲ ಪ್ರಜೆಗಳಿಗೂ ಸಲ್ಲತಕ್ಕ ಮೂಲಸೌಕರ್ಯವೆಂದು ಸಾರಿ, ಸೆಕೆಂಡಿಗೆ 50 ಮೆಗಾಬಿಟ್ ಬರುವಂತೆಯೂ 10 ಮೆಗಾಬಿಟ್ ಹೋಗುವಂತೆಯೂ ಇರತಕ್ಕದ್ದೆಂದು ಗೊತ್ತುಮಾಡಿತು. 2023ರಲ್ಲಿ ಮಹಾಲೇಖಪಾಲರು ಸಲ್ಲಿಸಿದ ವರದಿಯ ಪ್ರಕಾರ 2021ರಲ್ಲಿ ದೇಶದ ಒಟ್ಟು ಮನೆಗಳಲ್ಲಿ ನೂರಕ್ಕೆ 90.9ಕ್ಕೆ ಈ ಸೌಕರ್ಯವಿದ್ದಿತು. ಪ್ರಥಮ ರಾಷ್ಟ್ರಗಳ ಮೀಸಲು ನೆಲಗಳಲ್ಲಿ ನೂರಕ್ಕೆ 42.9ಕ್ಕೆ ಮಾತ್ರ.

ಈ ನಡುವೆ ಆಕಾಶದಲ್ಲಿ ಬೇರೊಂದು ಬಗೆಯ ಉಪಗ್ರಹಗಳು ಕಾಣಿಸಿಕೊಂಡಿವೆ. ಸ್ಟಾರ್‌ಲಿಂಕ್ ಎಂಬ ಇವು ಸುಮಾರು 550 ಕಿಲೊಮೀಟರು ಎತ್ತರದಲ್ಲಿಯೇ ಹಿಂಡುಹಿಂಡಾಗಿ ಓಡಾಡುವುದರಿಂದ ಮಾತು ಹೋಗಿಬರಲು ಹೊತ್ತು ಹಿಡಿಯುವುದಿಲ್ಲ. 2020ರ ಕೊನೆಯಲ್ಲಿ, ಅದೇ ಸೀಮೆಯ ಪಿಕಂಜಿಕಮ್ ಎಂಬ ಊರು ಇದನ್ನು ಕೆನಡಾ ದೇಶದಲ್ಲಿ ಮೊದಮೊದಲು ಬಳಸಿದ ಕಡೆಗಳಲ್ಲೊಂದಾಯಿತು.  ವೇಗದ ವಿಷಯದಲ್ಲಿ ಹಳೆಯ ಅನಿಕ್‌ಗೂ ಇದಕ್ಕೂ ಹೋಲಿಕೆಯಿಲ್ಲ. ಆದರೆ ಇದರ ತಟ್ಟೆಯನ್ನು ಮನೆಮನೆಯವರೂ ಬೇರೆ ಬೇರೆಯಾಗಿ ಕೊಳ್ಳಬಹುದು. ಬಿಲ್ಲಿನ ಹಣವು ಪ್ರತಿ ತಿಂಗಳೂ ಪರದೇಶದ ಕಂಪನಿಯೊಂದಕ್ಕೆ ಹೋಗುವುದು. ಮನೆಯವರೆಲ್ಲ ಹಾಗೆ ಹೊರಟುಹೋದರೆ ಶಾಲೆಯ ಪಾಠಕ್ಕೂ ದಾದಿಯ ಕೊಠಡಿಗೂ ಕೂಡಿ ಕೊಳ್ಳುತ್ತಿದ್ದ ಪಾಲಿನ ಖರ್ಚನ್ನು ಯಾರು ಹೊರತಕ್ಕದ್ದು, ಗೋಪುರವನ್ನು ಹತ್ತಿ ರಿಪೇರಿ ಮಾಡುತ್ತಿದ್ದ ಊರಿನ ಹುಡುಗನಿಗೆ ಸಂಬಳವೆಲ್ಲಿಂದ ಬರತಕ್ಕದ್ದು ಎಂಬ ಪ್ರಶ್ನೆಯು ಈಗ ಆ ಊರುಗಳ ಮುಂದಿದೆ.